ಕಿಡ್ನಿ ಕಲ್ಲಿನ ಸ್ಕ್ಯಾನಿನಲ್ಲಿ ಕಂಡ ಅಡ್ರಿನಲ್ ಗಂಟು ಮತ್ತು ಹತೋಟಿಗೆ ಬಾರದ ಮಧುಮೇಹ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಬೆಂಗಳೂರಿನ ಒಬ್ಬ ಹೂವಿನ ವ್ಯಾಪಾರಿಯದು. ಇಲ್ಲಿ ಅವರನ್ನು ಜಯಮ್ಮ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಗುರುತು ಸಿಗಬಾರದೆಂದು ವಯಸ್ಸು, ಮನೆಯ ವಿವರ ಮತ್ತು ಕೆಲವು ಸಂದರ್ಭಗಳನ್ನು ಬದಲಿಸಿದ್ದೇನೆ. ಪರೀಕ್ಷೆಗಳು ಯಾವ ಕ್ರಮದಲ್ಲಿ ನಡೆದವು, ಯಾವ ಹಂತದಲ್ಲಿ ನಾವು ಏನನ್ನು ನಿರ್ಧರಿಸಿದೆವು, ಎಲ್ಲಿ ತಪ್ಪಿದೆವು ಎಂಬುದನ್ನು ಮಾತ್ರ ಇದ್ದಂತೆಯೇ ಬರೆದಿದ್ದೇನೆ. ಮಧುಮೇಹದ ರೋಗಿಗಳನ್ನು ದಿನವೂ ನೋಡುವ ಕಿರಿಯ ವೈದ್ಯರಿಗೆ ಮತ್ತು ಕೈಯಲ್ಲಿ ಇಂಥದ್ದೇ ಒಂದು ಸ್ಕ್ಯಾನ್ ವರದಿ ಹಿಡಿದುಕೊಂಡು ದಿಕ್ಕು ತೋಚದೆ ಕುಳಿತಿರುವ ಕುಟುಂಬಗಳಿಗೆ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ಜಯಮ್ಮನವರಿಗೆ 57 ವರ್ಷ. ಮೂವತ್ತು ವರ್ಷಗಳಿಂದ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ. ರಾತ್ರಿ ಏಳೂವರೆಗೆಲ್ಲ ಮಲಗಿ, ಎರಡು ಗಂಟೆಗೆ ಎದ್ದು, ಮೂರು ಗಂಟೆಯ ಹೊತ್ತಿಗೆ ಸೇವಂತಿಗೆ, ಚೆಂಡುಹೂವಿನ ಮೂಟೆ ಬಿಚ್ಚುವುದು ಅವರ ದಿನಚರಿ. ಮಧುಮೇಹ ಪತ್ತೆಯಾಗಿ ಆರು ವರ್ಷವಾಗಿತ್ತು. ಅವರ ತಾಯಿಗೂ ಸಕ್ಕರೆ ಕಾಯಿಲೆ ಇದ್ದುದರಿಂದ ಇವರಿಗೂ ಬಂದದ್ದು ಯಾರಿಗೂ ಆಶ್ಚರ್ಯವೆನಿಸಿರಲಿಲ್ಲ. ಆದರೆ ತಾಯಿ ಇಪ್ಪತ್ತು ವರ್ಷ ಒಂದೇ ಮಾತ್ರೆಯಲ್ಲಿ ಕಳೆದರೆ, ಮಗಳು ಆರೇ ವರ್ಷದಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಗ್ಲಿಪ್ಟಿನ್ ಎಲ್ಲವನ್ನೂ ದಾಟಿ, ದಿನಕ್ಕೆರಡು ಬಾರಿ ಮಿಶ್ರ ಇನ್ಸುಲಿನ್ ಒಟ್ಟು 50 ಯೂನಿಟ್ ತೆಗೆದುಕೊಳ್ಳುವ ಸ್ಥಿತಿಗೆ ಬಂದಿದ್ದರು. ಬಿ.ಪಿ.ಗೆ ಮೂರು ಔಷಧಿಗಳಿದ್ದವು. ಎರಡು ವರ್ಷದ ಹಿಂದೆ ಹೂವಿನ ಕುಕ್ಕೆ ಎತ್ತುವಾಗ ಬೆನ್ನು ಹಿಡಿದುಕೊಂಡು, ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಕಶೇರು ಕುಸಿದಿರುವುದು ಕಂಡಿತ್ತು. ಅದನ್ನು ವಯಸ್ಸಿನ ಸವೆತವೆಂದು ಹೇಳಿ ನೋವಿನ ಮಾತ್ರೆ ಕೊಟ್ಟು ಕಳುಹಿಸಲಾಗಿತ್ತು.

ನನ್ನ ಬಳಿಗೆ ಬಂದಾಗ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 9.8 ಇತ್ತು. ಅವರ ದೂರು ಅದರ ಬಗ್ಗೆ ಆಗಿರಲಿಲ್ಲ. ‘ಬೆಳಗಿನ ಜಾವ ತಕ್ಕಡಿ ಹಿಡಿದರೆ ಕೈ ನಡುಗುತ್ತೆ ಸಾರ್, ಗಿರಾಕಿ ನೋಡಿ ತೂಕ ಹೊಡೀತಾಳೆ ಅಂದ್ಕೋತಾರೆ’ ಎಂದು ಅವರು ಬಹಳ ನೊಂದು ಹೇಳಿದರು. ಪಕ್ಕದ ಅಂಗಡಿಯವರು ಕೊಡಿಸಿದ ಸಕ್ಕರೆ ಚಹಾ ಕುಡಿದರೆ ನಡುಕ ನಿಲ್ಲುತ್ತಿತ್ತು. ಮಗಳು ಒಂದು ನೋಟುಪುಸ್ತಕದಲ್ಲಿ ಸಕ್ಕರೆಯ ಮಟ್ಟವನ್ನು ಬರೆದಿಟ್ಟಿದ್ದಳು. ರಾತ್ರಿ ಎರಡು ಗಂಟೆಗೆ 68, ಬೆಳಿಗ್ಗೆ ಐದಕ್ಕೆ 104, ಮಧ್ಯಾಹ್ನ ಊಟವಾದ ಮೇಲೆ 296, ಸಂಜೆ ಏಳಕ್ಕೆ 310. ಪುಟ ತಿರುವಿದಂತೆಲ್ಲ ಇದೇ ಏರಿಳಿತ. ಎಚ್‌ಬಿಎ1ಸಿ ಹೆಚ್ಚಿದೆಯೆಂದು ಪ್ರತಿ ಸಲವೂ ಯಾರೋ ಒಬ್ಬರು ರಾತ್ರಿಯ ಇನ್ಸುಲಿನ್ ಏರಿಸಿದ್ದರು. ಏರಿಸಿದ ಆ ಇನ್ಸುಲಿನ್ ಅವರು ಮಾರುಕಟ್ಟೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಸಕ್ಕರೆಯನ್ನು ಕೆಳಗೆ ತಳ್ಳುತ್ತಿತ್ತು. ಸಂಜೆಯ ಏರಿಕೆಯನ್ನು ಮುಟ್ಟುತ್ತಲೇ ಇರಲಿಲ್ಲ.

ಮೊದಲ ಎರಡು ಭೇಟಿಗಳಲ್ಲಿ ನಾನು ಸಾಮಾನ್ಯ ಕಾರಣಗಳನ್ನೇ ಹುಡುಕಿದೆ, ಹುಡುಕಬೇಕಾದದ್ದೂ ಅದೇ ಕ್ರಮದಲ್ಲಿ. ಹೊಟ್ಟೆಯ ಮೇಲೆ ಒಂದೇ ಜಾಗದಲ್ಲಿ ಚುಚ್ಚಿಕೊಂಡು ಅಲ್ಲಿ ಗಟ್ಟಿ ಉಬ್ಬು ಬಂದಿತ್ತು. ಅಂಥ ಕಡೆ ಚುಚ್ಚಿದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಜಾಗ ಬದಲಿಸುವುದನ್ನು ಕಲಿಸಿದೆವು. ಮಾರುಕಟ್ಟೆಯ ಐದಾರು ಚಹಾಗಳನ್ನು ಎರಡಕ್ಕೆ ಇಳಿಸಿದರು. ರಾತ್ರಿಯ ಇನ್ಸುಲಿನ್ ಕಡಿಮೆ ಮಾಡಿ, ಮಧ್ಯಾಹ್ನದ ಊಟಕ್ಕೆ ಪ್ರತ್ಯೇಕ ಡೋಸ್ ಸೇರಿಸಿದೆ. ಕೈ ನಡುಕ ನಿಂತಿತು. ಮೂರು ತಿಂಗಳ ನಂತರ ಎಚ್‌ಬಿಎ1ಸಿ 9.1. ಅಷ್ಟು ಶಿಸ್ತಿಗೆ ಸಿಕ್ಕ ಫಲ ಅಷ್ಟೇ ಆದದ್ದು ನನ್ನನ್ನು ಕಾಡಿತು.

ಹದಿನಾಲ್ಕು ತಿಂಗಳು ಓದದೆ ಉಳಿದ ಒಂದು ಸಾಲು

ಮೂರನೆಯ ಭೇಟಿಯಲ್ಲಿ ಕಿಡ್ನಿಯ ಸ್ಥಿತಿ ನೋಡಿ ಔಷಧಿ ಬದಲಿಸೋಣವೆಂದು ಹಳೆಯ ವರದಿಗಳನ್ನು ಕೇಳಿದೆ. ಸೀರೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲವೂ ಇತ್ತು. ಹದಿನಾಲ್ಕು ತಿಂಗಳ ಹಿಂದೆ ಕಿಡ್ನಿ ಕಲ್ಲಿನ ನೋವಿಗೆ ಬೇರೊಂದು ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದ್ದರು. ವರದಿಯ ಕೊನೆಯಲ್ಲಿ ದಪ್ಪಕ್ಷರದ ಸಾರಾಂಶದಲ್ಲಿ ಕಲ್ಲಿನ ವಿಷಯ ಮಾತ್ರ ಇತ್ತು. ಒಳಗಿನ ವಿವರಣೆಯಲ್ಲಿ, ಯಕೃತ್ತು, ಪಿತ್ತಕೋಶ, ಗುಲ್ಮ ಎಲ್ಲ ಸರಿಯಿದೆ ಎಂಬ ಮಾತುಗಳ ನಡುವೆ, ಎಡ ಅಡ್ರಿನಲ್ ಗ್ರಂಥಿಯಲ್ಲಿ 2.8 ಸೆಂ.ಮೀ. ಗಂಟು ಇದೆ ಎಂಬ ಒಂದು ಸಾಲಿತ್ತು. ಕಲ್ಲು ತಾನಾಗಿಯೇ ಬಿದ್ದುಹೋಗಿತ್ತು, ನೋವು ಹೋಗಿತ್ತು, ಆ ಸಾಲು ಕವರಿನೊಳಗೇ ಉಳಿದಿತ್ತು. ಜಯಮ್ಮನವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಅಡ್ರಿನಲ್ ಗ್ರಂಥಿಗಳು ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಕುಳಿತಿರುತ್ತವೆ. ಒಂದೊಂದರ ತೂಕ ನಾಲ್ಕೈದು ಗ್ರಾಂ. ಹೊರಪದರವು ಕಾರ್ಟಿಸೋಲ್, ಆಲ್ಡೋಸ್ಟಿರೋನ್ ಮುಂತಾದ ಹಾರ್ಮೋನುಗಳನ್ನೂ ಒಳತಿರುಳು ಅಡ್ರಿನಲಿನ್ ಹಾರ್ಮೋನನ್ನೂ ತಯಾರಿಸುತ್ತದೆ. ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನಿನಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡ ಗಂಟು ಕಂಡರೆ ಅದನ್ನು ಆಕಸ್ಮಿಕವಾಗಿ ಪತ್ತೆಯಾದ ಅಡ್ರಿನಲ್ ಗಂಟು ಎನ್ನುತ್ತೇವೆ. ಇದು ಅಪರೂಪವಲ್ಲ. ಹೊಟ್ಟೆಯ ಸಿ.ಟಿ. ಮಾಡಿಸಿಕೊಂಡ ವಯಸ್ಕರಲ್ಲಿ ಸುಮಾರು ನೂರಕ್ಕೆ ನಾಲ್ಕೈದು ಜನರಲ್ಲಿ ಸಿಗುತ್ತದೆ, ವಯಸ್ಸಾದಂತೆ ಹೆಚ್ಚುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಬಡಾವಣೆಗೊಂದು ಸ್ಕ್ಯಾನಿಂಗ್ ಸೆಂಟರ್ ಇರುವಾಗ ಇಂಥ ಗಂಟುಗಳು ಸಿಗುತ್ತಲೇ ಇರುತ್ತವೆ. ಮಧುಮೇಹವೂ ಸಾಮಾನ್ಯ, ಗಂಟೂ ಸಾಮಾನ್ಯವಾದ್ದರಿಂದ ಒಬ್ಬರಲ್ಲೇ ಎರಡೂ ಕಂಡಾಗ ಒಂದು ಇನ್ನೊಂದಕ್ಕೆ ಕಾರಣವೆಂದು ತಟ್ಟನೆ ಹೇಳಿಬಿಡುವುದು ಸರಿಯಲ್ಲ. ಸಂಬಂಧವೇ ಇಲ್ಲವೆಂದು ಕವರಿನೊಳಗೆ ಮಡಚಿಡುವುದೂ ಅಷ್ಟೇ ತಪ್ಪು.

ಎರಡು ಪ್ರಶ್ನೆಗಳು

ವಿಷಯ ತಿಳಿಸಿದ ಮರುದಿನವೇ ಮಗ ಬಂದ. ರಾತ್ರಿಯಿಡೀ ಮೊಬೈಲಿನಲ್ಲಿ ಓದಿ ಕಣ್ಣು ಕೆಂಪಾಗಿದ್ದವು. ‘ಗೆಡ್ಡೆ ಅಂದ್ರೆ ಕ್ಯಾನ್ಸರ್ ಅಲ್ವಾ ಸಾರ್, ಸೂಜಿ ಹಾಕಿ ತೆಗೆದು ನೋಡಿಬಿಡಿ’ ಎಂದ. ಅವನ ಭಯ ನನಗೆ ಅರ್ಥವಾಯಿತು. ಇಂಥ ಗಂಟಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಎರಡು: ಇದು ಕ್ಯಾನ್ಸರೇ? ಇದು ಹಾರ್ಮೋನು ಸುರಿಸುತ್ತಿದೆಯೇ? ಮೊದಲನೆಯದಕ್ಕೆ ಉತ್ತರ ಹದಿನಾಲ್ಕು ತಿಂಗಳ ಹಿಂದಿನ ಅದೇ ಸ್ಕ್ಯಾನಿನಲ್ಲಿ ಅಡಗಿತ್ತು. ಕಲ್ಲಿಗಾಗಿ ಮಾಡುವ ಸಿ.ಟಿ.ಯಲ್ಲಿ ಕಾಂಟ್ರಾಸ್ಟ್ ಔಷಧಿ ಹಾಕುವುದಿಲ್ಲ. ಹಾಗಾಗಿ ಗಂಟಿನ ಸಹಜ ಸಾಂದ್ರತೆಯನ್ನು ನೇರವಾಗಿ ಅಳೆಯಬಹುದು. ಹೌನ್ಸ್‌ಫೀಲ್ಡ್ ಎಂಬ ಆ ಮಾಪನದಲ್ಲಿ ನೀರು ಸೊನ್ನೆ, ಕೊಬ್ಬು ಸೊನ್ನೆಗಿಂತ ಬಹಳ ಕೆಳಗೆ. ಗಂಟು ಒಂದೇ ಸಮನಾಗಿದ್ದು 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಕೊಬ್ಬು ತುಂಬಿದ ನಿರಪಾಯಕಾರಿ ಗಂಟು. ಪರಿಚಿತ ರೇಡಿಯಾಲಜಿಸ್ಟ್ ಒಬ್ಬರಿಗೆ ಸಿ.ಡಿ. ಕಳುಹಿಸಿದೆ, ಅವರು ಅಳೆದು 4 ಎಂದರು. ಯುರೋಪಿಯನ್ ಸೊಸೈಟಿ ಆಫ್ ಎಂಡೋಕ್ರೈನಾಲಜಿಯ 2023ರ ಮಾರ್ಗಸೂಚಿಯ ಪ್ರಕಾರ ಇಂಥ ಗಂಟಿಗೆ ಮತ್ತೆ ಮತ್ತೆ ಸ್ಕ್ಯಾನ್ ಕೂಡ ಬೇಕಿಲ್ಲ.

ಬಯಾಪ್ಸಿ ಏಕೆ ಬೇಡವೆಂಬುದನ್ನು ಮಗನಿಗೆ ಬಿಡಿಸಿ ಹೇಳಿದೆ. ಅಡ್ರಿನಲ್ ಹೊರಪದರದ ಗಂಟಿನಲ್ಲಿ ಸೂಜಿಗೆ ಸಿಕ್ಕ ಚೂರನ್ನು ನೋಡಿ ನಿರಪಾಯವೋ ಕ್ಯಾನ್ಸರೋ ಎಂದು ಬೇರ್ಪಡಿಸುವುದೇ ಕಷ್ಟ. ಗಂಟು ಅಡ್ರಿನಲಿನ್ ಸುರಿಸುವ ಫಿಯೋಕ್ರೋಮೋಸೈಟೋಮ ಆಗಿದ್ದರಂತೂ ಸೂಜಿ ತಗುಲಿದ ಕ್ಷಣ ಬಿ.ಪಿ. ಪ್ರಾಣಾಪಾಯದ ಮಟ್ಟಕ್ಕೆ ಜಿಗಿಯಬಹುದು. ಸಾಂದ್ರತೆ 10ಕ್ಕಿಂತ ಹೆಚ್ಚಿದ್ದ ಗಂಟುಗಳಲ್ಲಿ ಅಡ್ರಿನಲಿನ್ ಹೆಚ್ಚಿದೆಯೇ ಎಂದು ತೋರಿಸುವ ಮೆಟನೆಫ್ರಿನ್ ಪರೀಕ್ಷೆ ಮಾಡದೆ ಯಾರೂ ಕೈ ಹಾಕಬಾರದು. ಜಯಮ್ಮನವರದು 4 ಇದ್ದುದರಿಂದ ಆ ಸಾಧ್ಯತೆ ದೂರವಾಯಿತು.

ಅದೇ ವಾರ ಕುಟುಂಬದವರು ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಕೇಳಿದ್ದರು. ಕ್ಯಾನ್ಸರ್ ಅಲ್ಲ, ಮರೆತುಬಿಡಿ ಎಂದು ಅವರು ಹೇಳಿದ್ದರಂತೆ. ಮನೆಯವರಿಗೆ ಅದು ದೊಡ್ಡ ಸಮಾಧಾನ. ಈ ಪ್ರಕರಣದಲ್ಲಿ ನಾನು ಹೇಳಲೇಬೇಕೆಂದಿರುವ ಮಾತು ಇಲ್ಲಿದೆ. ಗಂಟು ಕ್ಯಾನ್ಸರ್ ಅಲ್ಲ ಎಂದು ಗೊತ್ತಾದ ಕೂಡಲೇ ಎರಡನೆಯ ಪ್ರಶ್ನೆಯನ್ನು ಕೈಬಿಟ್ಟುಬಿಡುತ್ತೇವೆ. ಕೊಬ್ಬು ತುಂಬಿದ ನಿರಪಾಯ ಗಂಟುಗಳೇ ಸದ್ದಿಲ್ಲದೆ ಕಾರ್ಟಿಸೋಲ್ ಸುರಿಸುವಂಥವು. ಆಕಸ್ಮಿಕವಾಗಿ ಸಿಕ್ಕ ಗಂಟುಗಳಲ್ಲಿ ಐದರಲ್ಲಿ ಒಂದರಿಂದ ಹಿಡಿದು ಎರಡರಲ್ಲಿ ಒಂದರವರೆಗೂ ಹೀಗೆ ಸ್ವಲ್ಪ ಮಟ್ಟಿಗೆ ಸ್ವತಂತ್ರವಾಗಿ ಕಾರ್ಟಿಸೋಲ್ ತಯಾರಿಸುತ್ತವೆ ಎಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಚಂದ್ರನಂತೆ ಊದಿದ ಮುಖ, ಹೊಟ್ಟೆಯ ಮೇಲಿನ ನೇರಳೆ ಗೆರೆಗಳು, ಕುಕ್ಕರಗಾಲಿನಿಂದ ಏಳಲಾಗದ ತೊಡೆಯ ನಿತ್ರಾಣ, ಕಾರ್ಟಿಸೋಲ್ ಅತಿಯಾದಾಗ ಬರುವ ಕುಶಿಂಗ್ ಸಿಂಡ್ರೋಮಿನ ಇಂಥ ಲಕ್ಷಣಗಳು ಇವರಲ್ಲಿ ಇರುವುದಿಲ್ಲ. ಜಯಮ್ಮನವರಲ್ಲೂ ಇರಲಿಲ್ಲ, ಕೈ ಊರದೆ ನೆಲದಿಂದ ಎದ್ದು ತೋರಿಸಿದರು. ಕಾಣುವುದು ಬರೀ ಮಧುಮೇಹ, ಬಿ.ಪಿ., ಸವೆದ ಮೂಳೆ. ಮೂರೂ ಬೇರೆ ಬೇರೆ ಚೀಟಿಗಳಲ್ಲಿ, ಬೇರೆ ಬೇರೆ ವೈದ್ಯರ ಬಳಿ.

ಕಾರ್ಟಿಸೋಲ್ ಸಕ್ಕರೆಯನ್ನು ಏರಿಸುವ ದಾರಿಗಳು ಹಲವು. ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುವಂತೆ ಮಾಡುತ್ತದೆ, ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳದಂತೆ ಮಾಡುತ್ತದೆ, ಇನ್ಸುಲಿನ್ ಸ್ರವಿಕೆಯನ್ನೂ ಕುಗ್ಗಿಸುತ್ತದೆ. ಆರೋಗ್ಯವಂತರಲ್ಲಿ ಕಾರ್ಟಿಸೋಲ್ ಬೆಳಗಿನ ಜಾವ ಏರಿ, ಮಧ್ಯರಾತ್ರಿ ತಳ ಮುಟ್ಟುತ್ತದೆ. ಕಾರ್ಟಿಸೋಲ್ ಸುರಿಸುವ ಗಂಟು ಇದ್ದವರಲ್ಲಿ ಆ ರಾತ್ರಿಯ ಬಿಡುವು ದೇಹಕ್ಕೆ ಸಿಗುವುದಿಲ್ಲ. ಇಂಥವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆಗಿಂತ ಊಟದ ನಂತರದ ಸಕ್ಕರೆ ಹೆಚ್ಚು ಏರುವುದು ಸಾಮಾನ್ಯ. ಮಗಳ ನೋಟುಪುಸ್ತಕ ಹೇಳುತ್ತಿದ್ದುದೂ ಅದನ್ನೇ. ಆದರೆ ಮಧ್ಯಾಹ್ನ ತಟ್ಟೆ ತುಂಬ ಅನ್ನ ಉಣ್ಣುವ ಯಾರ ಪುಸ್ತಕವೂ ಹೀಗೇ ಇರಬಹುದು. ಆದ್ದರಿಂದ ಅದು ಅನುಮಾನಕ್ಕೆ ಆಧಾರವಾಯಿತೇ ಹೊರತು ಪುರಾವೆಯಾಗಲಿಲ್ಲ.

ಮೊದಲ ಪರೀಕ್ಷೆ, ಮತ್ತು ಅದನ್ನು ಏಕೆ ಒಪ್ಪಲಿಲ್ಲ

ಇದಕ್ಕಿರುವ ಪರೀಕ್ಷೆ ಸರಳ. ರಾತ್ರಿ ಹನ್ನೊಂದಕ್ಕೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ 1 ಮಿ.ಗ್ರಾಂ. ನುಂಗಿ, ಬೆಳಿಗ್ಗೆ ಎಂಟಕ್ಕೆ ರಕ್ತ ಕೊಟ್ಟು ಕಾರ್ಟಿಸೋಲ್ ನೋಡುವುದು. ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ಆರೋಗ್ಯಕರ ಗ್ರಂಥಿ ತನ್ನ ಕೆಲಸ ನಿಲ್ಲಿಸಬೇಕು; ಕಾರ್ಟಿಸೋಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಮೇಲೆ ಉಳಿದರೆ ಗ್ರಂಥಿ ಮೆದುಳಿನ ಹತೋಟಿಯಲ್ಲಿಲ್ಲ ಎಂದರ್ಥ. ಜಯಮ್ಮನವರ ಫಲಿತಾಂಶ 5.1 ಬಂತು. ಮಗ ಆಗಲೇ ಆಪರೇಷನ್ ದಿನಾಂಕ ಕೇಳಿದ.

ರಕ್ತ ತೆಗೆದ ದಿನ ಏನೇನಾಯಿತೆಂದು ಜಯಮ್ಮನವರನ್ನು ಕೂರಿಸಿಕೊಂಡು ಕೇಳಿದೆ. ಮಲಗಿದ್ದವರನ್ನು ಹನ್ನೊಂದಕ್ಕೆ ಎಬ್ಬಿಸಿ ಮಾತ್ರೆ ಕೊಟ್ಟಿದ್ದರು. ಎರಡಕ್ಕೆ ಎದ್ದು ಮಾರುಕಟ್ಟೆಗೆ ಹೋಗಿದ್ದರು. ನಾಲ್ಕೈದು ಗಂಟೆಗಳ ಕಾಲ ಮೂಟೆ ಹೊತ್ತು, ವ್ಯಾಪಾರ ಮುಗಿಸಿ, ಅಲ್ಲಿಂದಲೇ ಆಟೋದಲ್ಲಿ ಲ್ಯಾಬಿಗೆ ಬಂದಿದ್ದರು. ನಮಗೆ ಬೆಳಗಿನ ಎಂಟು ಗಂಟೆಯಾದದ್ದು ಅವರ ದೇಹಕ್ಕೆ ಹೆಚ್ಚುಕಡಿಮೆ ನಡುಹಗಲು. ನಿದ್ರೆಯ ಸಮಯ ತಿರುವುಮುರುವಾದವರಲ್ಲಿ, ಸಕ್ಕರೆ ತೀರಾ ಏರಿದವರಲ್ಲಿ, ಖಿನ್ನತೆ ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಈ ಪರೀಕ್ಷೆ ಸುಳ್ಳು ಹೇಳಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮುಂತಾದವು ಡೆಕ್ಸಾಮೆಥಾಸೋನನ್ನು ಬೇಗ ಕರಗಿಸಿಬಿಡುತ್ತವೆ. ಇದು ಕಾಲ್ ಸೆಂಟರ್, ಗಾರ್ಮೆಂಟ್ಸ್, ಆಸ್ಪತ್ರೆ, ಮಾರುಕಟ್ಟೆಗಳಲ್ಲಿ ರಾತ್ರಿ ದುಡಿಯುವವರ ಊರು. ಪರೀಕ್ಷೆಗೆ ಬರೆದುಕೊಡುವ ಮುನ್ನ ‘ನೀವು ಎಷ್ಟು ಹೊತ್ತಿಗೆ ಮಲಗುತ್ತೀರಿ’ ಎಂದು ಕೇಳದೆ ಹೋದದ್ದು ನನ್ನ ತಪ್ಪು. ಆ 5.1 ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಮನೆಯವರಿಗೆ ತಿಳಿಸಿದೆ. ಬಂದ ಉತ್ತರವನ್ನು ಬದಿಗಿಡುವುದು ಅವರಿಗೆ ವಿಚಿತ್ರವಾಗಿ ಕಂಡಿತು. ಅವರ 1,200 ರೂಪಾಯಿ ಖರ್ಚಾಗಿತ್ತು ಎಂಬುದೂ ನಿಜ.

ಆ ಮಾತುಕತೆಯಲ್ಲೇ ಇನ್ನೊಂದು ವಿಷಯ ಹೊರಬಿತ್ತು. ಬೇರೇನಾದರೂ ಔಷಧಿ ಉಂಟೇ ಎಂದು ಮೂರನೆಯ ಸಲ ಕೇಳಿದಾಗ ಮಗಳು ಅಮ್ಮನ ಮುಖ ನೋಡಿ, ‘ಆ ಪುಡಿ ಹೇಳಮ್ಮಾ’ ಎಂದಳು. ಮಂಡಿ ನೋವಿಗೆಂದು ಎರಡು ವರ್ಷದಿಂದ ವಾರಕ್ಕೆರಡು ಸಲ ಒಂದು ಪುಡಿ ನುಂಗುತ್ತಿದ್ದರು. ಪತ್ರಿಕೆಯ ಕಾಗದದಲ್ಲಿ ಕಟ್ಟಿದ ಪೊಟ್ಟಣ, ಮೇಲೆ ಏನೂ ಬರೆದಿಲ್ಲ, ಬಣ್ಣ ತಿಳಿಹಳದಿ. ಇಂಥ ಲೇಬಲ್ಲಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದನ್ನು ನಮ್ಮಲ್ಲಿ ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಹಾಗಿದ್ದರೆ ಮಧುಮೇಹ ಹದಗೆಟ್ಟದ್ದು, ಬಿ.ಪಿ. ಏರಿದ್ದು, ಮೂಳೆ ಸವೆದದ್ದು ಮೂರಕ್ಕೂ ಪುಡಿಯೇ ಕಾರಣವಾಗಿ, ಏನೂ ಮಾಡದ ಗಂಟನ್ನು ನಾವು ಸುಮ್ಮನೆ ಕತ್ತರಿಸುತ್ತಿದ್ದೆವು. ಮಂಡಿಗೆ ಚುಚ್ಚುವ ಇಂಜೆಕ್ಷನ್, ಆಸ್ತಮಾ ಇನ್ಹೇಲರ್, ಮುಖದ ಕಲೆಗೆ ಹಚ್ಚುವ ಕ್ರೀಮು ಇವೆಲ್ಲವನ್ನೂ ಒಂದೊಂದಾಗಿ ಹೆಸರು ಹಿಡಿದು ಕೇಳಬೇಕು. ‘ಔಷಧಿ’ ಎಂದರೆ ಅವರ ಮನಸ್ಸಿಗೆ ಇವು ಬರುವುದೇ ಇಲ್ಲ.

ಪುಡಿಯನ್ನು ಒಮ್ಮೆಲೇ ನಿಲ್ಲಿಸುವುದಕ್ಕೂ ಅಂಜಿಕೆಯಿತ್ತು. ಹೊರಗಿನ ಸ್ಟೀರಾಯ್ಡ್ ಬಹುಕಾಲ ಬಂದಿದ್ದರೆ ಸ್ವಂತ ಗ್ರಂಥಿ ಮಲಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಬಿ.ಪಿ., ಸಕ್ಕರೆ ಎರಡೂ ಕುಸಿಯಬಹುದು. ಆದ್ದರಿಂದ ಮೊದಲು, ಅವರು ಪುಡಿ ನುಂಗಿ ಐದು ದಿನವಾದ ಒಂದು ಮುಂಜಾನೆ, ಕಾರ್ಟಿಸೋಲ್ ಜೊತೆಗೆ ಎ.ಸಿ.ಟಿ.ಎಚ್. ನೋಡಿದೆವು. ಎ.ಸಿ.ಟಿ.ಎಚ್. ಎನ್ನುವುದು ಪಿಟ್ಯೂಟರಿ ಗ್ರಂಥಿ ಅಡ್ರಿನಲ್‌ಗೆ ಕಳುಹಿಸುವ ಆಜ್ಞೆ. ಅದು 6 ಇತ್ತು, ಬಹಳ ಕಡಿಮೆ. ಕಾರ್ಟಿಸೋಲ್ 14 ಇತ್ತು, ಸಹಜ. ಈ ಜೋಡಿ ಬಹಳ ಹೇಳುತ್ತದೆ. ಪುಡಿಯಲ್ಲಿನ ಸ್ಟೀರಾಯ್ಡ್ ಎ.ಸಿ.ಟಿ.ಎಚ್. ಅನ್ನು ಅದುಮಿದ್ದರೆ ಸ್ವಂತ ಕಾರ್ಟಿಸೋಲ್ ಕೂಡ ಅದರ ಜೊತೆಗೇ ಕುಸಿದಿರಬೇಕಿತ್ತು. ಆಜ್ಞೆ ಬಾರದಿದ್ದರೂ ಕಾರ್ಟಿಸೋಲ್ ಬರುತ್ತಿದೆಯೆಂದರೆ ಗ್ರಂಥಿಯೊಳಗೇ ಯಾರೋ ತಮ್ಮಿಷ್ಟದಂತೆ ಕೆಲಸ ಮಾಡುತ್ತಿದ್ದಾರೆ. ಪುಡಿ ನಿಲ್ಲಿಸಿ ಆರು ವಾರ ಕಾದೆವು. ಸಕ್ಕರೆ ಕದಲಲಿಲ್ಲ, ಎ.ಸಿ.ಟಿ.ಎಚ್. ಮೇಲೇರಲಿಲ್ಲ. ಈ ನಡುವೆ ಬಿ.ಪಿ. ಔಷಧಿಗಳನ್ನು ತಾತ್ಕಾಲಿಕವಾಗಿ ಬದಲಿಸಿ ಬಿ.ಪಿ. ಏರಿಸಬಲ್ಲ ಆಲ್ಡೋಸ್ಟಿರೋನ್ ಮತ್ತು ರೆನಿನ್ ಕೂಡ ಪರೀಕ್ಷಿಸಿದೆವು. ಆ ದಿಕ್ಕಿನಲ್ಲಿ ತೊಂದರೆ ಕಾಣಲಿಲ್ಲ.

ಎರಡನೆಯ ಡೆಕ್ಸಾಮೆಥಾಸೋನ್ ಪರೀಕ್ಷೆಯ ಸಮಯವನ್ನು ಜಯಮ್ಮನವರೇ ನಿಶ್ಚಯಿಸಿದರು. ಪಿತೃಪಕ್ಷದಲ್ಲಿ ಮದುವೆ, ಗೃಹಪ್ರವೇಶ ಇರುವುದಿಲ್ಲ, ಹಾರಕ್ಕೆ ಗಿರಾಕಿ ಕಡಿಮೆ, ಅಂಗಡಿಯನ್ನು ತಂಗಿಗೆ ಬಿಟ್ಟು ಮನೆಯಲ್ಲಿರಬಹುದು ಎಂದರು. ಹತ್ತು ದಿನ ರಾತ್ರಿ ಹತ್ತಕ್ಕೆ ಮಲಗಿ ಆರಕ್ಕೆ ಎದ್ದರು. ಹತ್ತನೆಯ ರಾತ್ರಿ ಮಗಳ ಕಣ್ಣೆದುರು ಎರಡು ಅರ್ಧ ಮಿ.ಗ್ರಾಂ. ಮಾತ್ರೆ ನುಂಗಿದರು. ಬೆಳಿಗ್ಗೆ ಎಂಟಕ್ಕೆ ಕಾರ್ಟಿಸೋಲ್ 4.2. ಈ ಸಲ ಅದನ್ನು ನಂಬಿದೆ. ಮೂಳೆ ಸಾಂದ್ರತೆಯ ಪರೀಕ್ಷೆಯಲ್ಲಿ ಬೆನ್ನಿನ ಅಂಕ ಮೈನಸ್ 2.9 ಬಂತು. ವಯಸ್ಸಿನ ಸವೆತವೆಂದು ಕರೆದದ್ದು ಮೂಳೆ ಟೊಳ್ಳಾಗಿ ಕುಸಿದದ್ದಾಗಿತ್ತು.

ಕತ್ತರಿಸಬೇಕೇ ಬೇಡವೇ

ಇಲ್ಲಿ ಸಿದ್ಧ ಉತ್ತರ ಇರಲಿಲ್ಲ. ಹೀಗೆ ಅಲ್ಪ ಪ್ರಮಾಣದಲ್ಲಿ ಕಾರ್ಟಿಸೋಲ್ ಸುರಿಸುವ ಗಂಟು ಮುಂದೆ ಪೂರ್ಣ ಕುಶಿಂಗ್ ಸಿಂಡ್ರೋಮ್ ಆಗುವುದು ತೀರಾ ಅಪರೂಪ. ಅದೇ ಯುರೋಪಿಯನ್ ಸೊಸೈಟಿಯ 2016ರ ಮಾರ್ಗಸೂಚಿ 1.8ರಿಂದ 5ರ ನಡುವಿನವರನ್ನು ‘ಇರಬಹುದು’ ಎಂಬ ಗುಂಪಿಗೆ ಸೇರಿಸಿತ್ತು. 2023ರದು ಆ ವಿಂಗಡಣೆಯನ್ನು ಬಿಟ್ಟು, 1.8 ದಾಟಿದ ಎಲ್ಲರನ್ನೂ ಒಂದೇ ಗುಂಪಿನಲ್ಲಿಟ್ಟು, ಅವರಿಗಿರುವ ಕಾಯಿಲೆಗಳು, ವಯಸ್ಸು, ಅವರ ಇಚ್ಛೆ ನೋಡಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ನಿರ್ಧರಿಸಿ ಎನ್ನುತ್ತದೆ. ಸಕ್ಕರೆಯೊಂದನ್ನೇ ನೋಡಿದ್ದರೆ ನಾನು ಔಷಧಿಯಲ್ಲೇ ಮುಂದುವರಿಯುತ್ತಿದ್ದೆನೇನೋ. ತಕ್ಕಡಿಯನ್ನು ಬಗ್ಗಿಸಿದ್ದು ಆ ಕುಸಿದ ಕಶೇರು. ದಿನವೂ ಮೂಟೆ ಎತ್ತಿ ಬದುಕುವ ಹೆಂಗಸಿನ ಬೆನ್ನಿನ ಇನ್ನೊಂದು ಮೂಳೆ ಕುಸಿದರೆ ಮನೆಯೇ ಕುಸಿಯುತ್ತದೆ.

‘ಆಪರೇಷನ್ ಆದ್ರೆ ಸಕ್ಕರೆ ಕಾಯಿಲೆ ಪೂರ್ತಿ ಹೋಗುತ್ತಾ ಸಾರ್?’ ಎಂದು ಕೇಳಿದರು. ‘ಹೋಗುತ್ತೆ ಅಂತ ನಾನು ಹೇಳಲ್ಲಮ್ಮಾ. ನಿಮ್ಮ ತಾಯಿಗೂ ಇತ್ತು, ನಿಮಗೆ ಹೇಗಿದ್ದರೂ ಬರುತ್ತಿತ್ತು. ಗಂಟು ಅದಕ್ಕೆ ಸೀಮೆಎಣ್ಣೆ ಸುರಿದಿದೆ. ಸುರಿಯೋದನ್ನು ನಿಲ್ಲಿಸಬಹುದು, ಬೆಂಕಿ ಎಷ್ಟು ತಗ್ಗುತ್ತೆ ಅಂತ ಆಮೇಲೆ ಗೊತ್ತಾಗುತ್ತೆ’ ಎಂದೆ. ಎರಡು ವಾರ ಯೋಚಿಸಿ, ದೀಪಾವಳಿಯ ವ್ಯಾಪಾರ ಮುಗಿಸಿಕೊಂಡು ಬರುತ್ತೇನೆಂದರು. ಕಾಯುವುದರಿಂದ ನಷ್ಟವಿರಲಿಲ್ಲ, ಆ ಅವಧಿಯಲ್ಲಿ ಎಚ್‌ಬಿಎ1ಸಿ 8.2ಕ್ಕೆ ಇಳಿಸಿಕೊಂಡೆವು.

ಲ್ಯಾಪರೋಸ್ಕೋಪಿಯಲ್ಲಿ ಎಡ ಅಡ್ರಿನಲ್ ತೆಗೆದರು. ಆಪರೇಷನ್ ಸಮಯದಲ್ಲಿ ಹೈಡ್ರೋಕಾರ್ಟಿಸೋನ್, ಅಂದರೆ ಔಷಧಿ ರೂಪದ ಕಾರ್ಟಿಸೋಲ್, ಕೊಡಬೇಕೆಂದು ಅರಿವಳಿಕೆ ತಜ್ಞರೊಂದಿಗೆ ಮೊದಲೇ ಮಾತಾಡಿಕೊಂಡಿದ್ದೆವು. ಎಡಗಡೆಯ ಗಂಟು ವರ್ಷಗಟ್ಟಲೆ ಎ.ಸಿ.ಟಿ.ಎಚ್. ಅನ್ನು ಅದುಮಿಟ್ಟಿದ್ದರಿಂದ ಬಲಗಡೆಯ ಗ್ರಂಥಿ ಕೆಲಸವನ್ನೇ ಮರೆತಿರುತ್ತದೆ. ಮರುದಿನ ಬೆಳಗಿನ ಕಾರ್ಟಿಸೋಲ್ 2.8 ಬಂದು ಆ ಅನುಮಾನ ಖಚಿತವಾಯಿತು. ದಿನಕ್ಕೆ 20 ಮಿ.ಗ್ರಾಂ. ಹೈಡ್ರೋಕಾರ್ಟಿಸೋನ್ ಮಾತ್ರೆ ಬರೆದು, ಇನ್ಸುಲಿನ್ ಅರ್ಧಕ್ಕಿಂತ ಕೆಳಗಿಳಿಸಿ, ಮೂರನೆಯ ದಿನ ಮನೆಗೆ ಕಳುಹಿಸಿದೆವು. ಗಂಟು ನಿರಪಾಯ ಅಡಿನೋಮ ಎಂದು ವರದಿ ಬಂತು.

ಹನ್ನೆರಡನೆಯ ದಿನ

ಆಪರೇಷನ್ ಆದ ಹನ್ನೆರಡನೆಯ ದಿನ ಸಂಜೆ ಮಗಳು ಫೋನು ಮಾಡಿದಳು. ಅಮ್ಮ ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ವಾಂತಿ, ಎದ್ದು ನಿಂತರೆ ತಲೆ ಸುತ್ತು, ಸಕ್ಕರೆ 58. ಮಾತ್ರೆ ಎಷ್ಟು ಕೊಡುತ್ತಿದ್ದೀರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಮೂರು ದಿನದಿಂದ ಮಾತ್ರೆಯನ್ನೇ ನಿಲ್ಲಿಸಿದ್ದರು. ನೋಡಲು ಬಂದ ನೆಂಟರೊಬ್ಬರು ಮಾತ್ರೆಯ ಪಟ್ಟಿ ನೋಡಿ, ಇದು ಸ್ಟೀರಾಯ್ಡ್, ಸಕ್ಕರೆ ಏರಿಸುತ್ತದೆ, ಇದೇ ಹಾರ್ಮೋನು ಹೆಚ್ಚಾಗಿದೆಯೆಂದು ತಾನೇ ಆಪರೇಷನ್ ಮಾಡಿಸಿದ್ದು ಎಂದರಂತೆ. ಕೇಳಿದರೆ ತರ್ಕಬದ್ಧವಾಗಿಯೇ ಇದೆ. ಜಯಮ್ಮನವರು ಸಕ್ಕರೆ ಏರಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಮಾತ್ರೆ ಬಿಟ್ಟು, ಇನ್ಸುಲಿನ್ ಮಾತ್ರ ತಪ್ಪದೆ ಚುಚ್ಚಿಕೊಂಡಿದ್ದರು.

ಹತ್ತಿರದ ನರ್ಸಿಂಗ್ ಹೋಮಿಗೆ ತಕ್ಷಣ ಹೋಗಲು ಹೇಳಿ, ಅಲ್ಲಿನ ಡ್ಯೂಟಿ ಡಾಕ್ಟರ ಜೊತೆ ಫೋನಿನಲ್ಲೇ ಮಾತಾಡಿದೆ. ಬಿ.ಪಿ. 84/56 ಇತ್ತು. 100 ಮಿ.ಗ್ರಾಂ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಸಲೈನ್, ಗ್ಲೂಕೋಸ್ ಕೊಟ್ಟ ಮೇಲೆ ರಾತ್ರಿ ಹತ್ತರ ಹೊತ್ತಿಗೆ ಎದ್ದು ಕುಳಿತು ಗಂಜಿ ಕೇಳಿದರು. ಡಿಸ್ಚಾರ್ಜ್ ಸಮಯದಲ್ಲಿ ನಾನು ಒಂದು ಎಚ್ಚರಿಕೆಯ ಚೀಟಿ ಕೊಟ್ಟಿದ್ದೆ; ಅದು ಇಂಗ್ಲಿಷಿನಲ್ಲಿತ್ತು. ಡ್ಯೂಟಿ ಡಾಕ್ಟರಿಗೆ ಅದು ಉಪಯೋಗಕ್ಕೆ ಬಂತು. ಮನೆಯಲ್ಲಿ ಮಾತ್ರೆ ನಿಲ್ಲಿಸಬೇಕೋ ಬೇಡವೋ ಎಂದು ಚರ್ಚೆ ನಡೆದಾಗ ಅದನ್ನು ಓದಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಬಾಯಲ್ಲಿ ಹೇಳಿದ್ದೆ, ನಿಜ. ಆದರೆ ಬಾಯಲ್ಲಿ ಹೇಳಿದ್ದು ನೆಂಟರ ಎದುರು ನಿಲ್ಲಲಿಲ್ಲ. ಇಡೀ ಪ್ರಕರಣದಲ್ಲಿ ಅವರ ಪ್ರಾಣಕ್ಕೆ ನಿಜವಾದ ಅಪಾಯ ಬಂದದ್ದು ಅಂದು ಒಂದೇ ದಿನ, ಅದಕ್ಕೆ ಕಾರಣ ನನ್ನ ಚೀಟಿಯ ಭಾಷೆ.

ಆಮೇಲೆ

ಮುಂದಿನ ತಿಂಗಳುಗಳು ನಿಧಾನವಾಗಿ ಸಾಗಿದವು. ಆರು ತಿಂಗಳಿಗೆ ಇನ್ಸುಲಿನ್ ದಿನಕ್ಕೆ 10 ಯೂನಿಟ್, ಒಂಬತ್ತನೆಯ ತಿಂಗಳಿಗೆ ಪೂರ್ತಿ ನಿಂತಿತು. ಈಗ ಮೆಟ್‌ಫಾರ್ಮಿನ್ ಮತ್ತು ಒಂದು ಗ್ಲಿಪ್ಟಿನ್ ಮಾತ್ರ, ಎಚ್‌ಬಿಎ1ಸಿ 7.1. ಬಿ.ಪಿ.ಗೆ ಮೂರರ ಬದಲು ಒಂದು ಔಷಧಿ. ಬಲಗಡೆಯ ಗ್ರಂಥಿ ಎಚ್ಚರಗೊಳ್ಳಲು ಎಂಟು ತಿಂಗಳು ಬೇಕಾಯಿತು. ಬೆಳಗಿನ ಕಾರ್ಟಿಸೋಲ್ 11 ದಾಟಿದ ಮೇಲೆ ಹೈಡ್ರೋಕಾರ್ಟಿಸೋನ್ ನಿಲ್ಲಿಸಿದೆವು. ಮೂಳೆಗೆ ವರ್ಷಕ್ಕೊಂದು ಇಂಜೆಕ್ಷನ್ ನಡೆಯುತ್ತಿದೆ. ಮಧುಮೇಹ ಹೋಗಲಿಲ್ಲ. ಅವರ ತಾಯಿಗೆ ಇದ್ದಂಥ, ಮಾತ್ರೆಗೆ ಬಗ್ಗುವ ಮಧುಮೇಹವಾಗಿ ಉಳಿಯಿತು.

ಇದನ್ನು ಓದಿ ಗಂಟು ಕಂಡ ಮಧುಮೇಹಿಗಳೆಲ್ಲ ಆಪರೇಷನ್‌ಗೆ ಹೊರಡಬಾರದು. ಅದೇ ವರ್ಷ ನನ್ನಲ್ಲಿಗೆ ಬಂದ ಒಬ್ಬ ನಿವೃತ್ತ ಮೇಷ್ಟರಿಗೆ ಎಚ್‌ಬಿಎ1ಸಿ 9.5 ಇತ್ತು, 2 ಸೆಂ.ಮೀ. ಗಂಟೂ ಇತ್ತು, ಡೆಕ್ಸಾಮೆಥಾಸೋನ್ ನಂತರ ಕಾರ್ಟಿಸೋಲ್ 1.1ಕ್ಕೆ ಇಳಿಯಿತು. ಅವರ ಗಂಟು ಏನೂ ಮಾಡುತ್ತಿರಲಿಲ್ಲ. ಅದನ್ನು ಹಾಗೇ ಬಿಟ್ಟು ಊಟ, ನಡಿಗೆ, ಮಾತ್ರೆಗಳ ಕಡೆ ಗಮನ ಕೊಟ್ಟೆವು, ಸಕ್ಕರೆ ಹತೋಟಿಗೆ ಬಂತು. ಇದಕ್ಕೆ ವಿರುದ್ಧವಾದ ಚಿತ್ರವನ್ನೂ ನಮ್ಮ ದೇಶದ ವೈದ್ಯರು ಮನಸ್ಸಿನಲ್ಲಿಡಬೇಕು. ಎರಡೂ ಕಡೆಯ ಅಡ್ರಿನಲ್ ಊದಿಕೊಂಡು, ಮಧುಮೇಹಿಯ ಸಕ್ಕರೆ ಯಾವ ಕಾರಣವೂ ಇಲ್ಲದೆ ತಾನಾಗಿಯೇ ಇಳಿಯತೊಡಗಿ, ತೂಕ ಕಳೆದು, ಸುಸ್ತು ಹೆಚ್ಚಾದರೆ ಅದನ್ನು ಒಳ್ಳೆಯ ಸುದ್ದಿಯೆಂದು ಭಾವಿಸಬಾರದು. ಕ್ಷಯ ಅಥವಾ ಹಿಸ್ಟೋಪ್ಲಾಸ್ಮ ಎಂಬ ಶಿಲೀಂಧ್ರ ಗ್ರಂಥಿಗಳನ್ನು ತಿಂದುಹಾಕಿರಬಹುದು. ಅಂಥವರಿಗೆ ಬೇಕಾದ್ದು ತುರ್ತಾಗಿ ಸ್ಟೀರಾಯ್ಡ್ ಮತ್ತು ಸೋಂಕಿನ ಚಿಕಿತ್ಸೆ.

ನನ್ನ ಅಭ್ಯಾಸದಲ್ಲಿ ಬದಲಾದದ್ದು ಕೆಲವು. ಸ್ಕ್ಯಾನ್ ವರದಿಯ ಸಾರಾಂಶವನ್ನಷ್ಟೇ ಓದದೆ ಒಳಗಿನ ಎಲ್ಲ ಸಾಲುಗಳನ್ನೂ ಓದುತ್ತೇನೆ. ಬೇಗ ಹದಗೆಟ್ಟ ಮಧುಮೇಹದ ಜೊತೆ ಬಿ.ಪಿ. ಮತ್ತು ಕುಸಿದ ಮೂಳೆ ಸೇರಿದ್ದರೆ ಮೂರನ್ನೂ ಒಂದೇ ಕಾಗದದ ಮೇಲೆ ಬರೆದು ನೋಡುತ್ತೇನೆ. ಡೆಕ್ಸಾಮೆಥಾಸೋನ್ ಪರೀಕ್ಷೆಗೆ ಮುನ್ನ ನಿದ್ರೆಯ ಸಮಯ ಕೇಳುತ್ತೇನೆ, ಪುಡಿ, ಕ್ರೀಮು, ಇಂಜೆಕ್ಷನ್‌ಗಳನ್ನು ಹೆಸರು ಹಿಡಿದು ಕೇಳುತ್ತೇನೆ.

ಎಚ್ಚರಿಕೆಯ ಚೀಟಿಯನ್ನು ಕನ್ನಡದಲ್ಲಿ ಹೊಸದಾಗಿ ಬರೆದು, ಅಚ್ಚಿಗೆ ಕೊಡುವ ಮುನ್ನ ಜಯಮ್ಮನವರಿಗೂ ಮಗಳಿಗೂ ತೋರಿಸಿದೆ. ‘ಜ್ವರ ಬಂದಲ್ಲಿ ಔಷಧಿಯ ಪ್ರಮಾಣವನ್ನು ದ್ವಿಗುಣಗೊಳಿಸತಕ್ಕದ್ದು’ ಎಂದು ನಾನು ಬರೆದಿದ್ದೆ. ಮಗಳು ಗಟ್ಟಿಯಾಗಿ ಓದಿದಳು. ಜಯಮ್ಮನವರು ತಡೆದು, ‘ಜ್ವರ ಬಂದ್ರೆ ಈ ಮಾತ್ರೆ ಎರಡರಷ್ಟು ನುಂಗಿ ಅಂತ ಬರೀರಿ ಸಾರ್. ವಾಂತಿ ಆದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ ಈ ಚೀಟಿ ತೋರ್ಸಿ ಅಂತ ಬರೀರಿ. ಯಾರು ಹೇಳಿದ್ರೂ ಮಾತ್ರೆ ನಿಲ್ಲಿಸ್ಬೇಡಿ ಅಂತ ಮೇಲ್ಗಡೆ ದಪ್ಪಗೆ ಹಾಕಿ’ ಎಂದರು. ಅವರು ಹೇಳಿದ ಕ್ರಮದಲ್ಲೇ, ಅವರ ಮಾತುಗಳಲ್ಲೇ ಚೀಟಿ ಅಚ್ಚಾಯಿತು. ಹಿಂಬದಿಯಲ್ಲಿ ಡ್ಯೂಟಿ ಡಾಕ್ಟರಿಗಾಗಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು.